ಹನ್ನೊಂದು ಸೆಕೆಂಡು ಸಾಲದು

ನ್ಯಾಶ್‌ವಿಲ್
ಫೆಬ್ರವರಿ 9, 1986

ಅಮ್ಮಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬಯ್ಯಬೇಡ. ಎರಡನೇ ಆಲ್ಬಮ್ಮಿನ ಕೆಲಸ ಶುರುವಾಗಿದೆ. ಒಟ್ಟು ಹತ್ತು ಹಾಡು, ಏಳು ಮುಗಿದಿವೆ. ಮೊದಲನೆಯದನ್ನು ಮಾಡುವಾಗ ಹೆದರಿಕೆಯಲ್ಲಿ ನಾನು ಏನನ್ನೂ ಸರಿಯಾಗಿ ನೋಡಿರಲಿಲ್ಲ. ಈ ಸಲ ಕಣ್ಣುಬಿಟ್ಟು ನೋಡುತ್ತಿದ್ದೇನೆ.

ಇಲ್ಲಿನ ವಾದ್ಯದವರು ಏಳು ಜನ. ಯಾರ ಮುಂದೆಯೂ ಸ್ವರ ಬರೆದ ಹಾಳೆ ಇರುವುದಿಲ್ಲ. ನಾನು ಒಂದು ಸಲ ಹಾಡಿ ತೋರಿಸುತ್ತೇನೆ. ಅವರು ಕೈಗೆ ಸಿಕ್ಕ ಚೀಟಿಯಲ್ಲಿ ಸ್ವರಗಳ ಬದಲು ಒಂದು, ನಾಲ್ಕು, ಐದು ಎಂದು ಅಂಕಿ ಗೀಚಿಕೊಳ್ಳುತ್ತಾರೆ. ಎರಡನೇ ಸಲಕ್ಕೆ ಆ ಹಾಡು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಪಿಟೀಲಿನ ಲಾಯ್ಡ್ ಸ್ಪಾರ್ಕ್ಸ್ ಅರವತ್ತು ದಾಟಿದವರು, ಅಂಕಿಯನ್ನೂ ಬರೆಯುವುದಿಲ್ಲ. ಕಣ್ಣು ಮುಚ್ಚಿ ನಾನು ಉಸಿರು ತೆಗೆದುಕೊಳ್ಳುವುದನ್ನು ಕೇಳುತ್ತಾ ಕೂತಿರುತ್ತಾರೆ.

ಎಂಟನೇ ಹಾಡು ಅಪ್ಪನ ಬಗ್ಗೆ. ನಮ್ಮ ಚರ್ಚಿನ ಸಭೆಯಲ್ಲಿ ಹೇಗೆ ಹಾಡುತ್ತಾರೆಂದು ನಿರ್ಮಾಪಕರಾದ ವೆಂಡೆಲ್ ಪ್ರೂಯಿಟ್ ಅವರಿಗೆ ವಿವರಿಸಲು ಹೋಗಿ ಸೋತೆ. ಅಪ್ಪ ಎದ್ದು ನಿಂತು ಒಂದು ಸಾಲನ್ನು ಒಂದೇ ಉಸಿರಿಗೆ ಕೊಡುತ್ತಿದ್ದುದು, ಸಭೆಯೆಲ್ಲ ಅದನ್ನು ತೆಗೆದುಕೊಂಡು ಬೆಟ್ಟ ಹತ್ತಿದ ಹಾಗೆ ನಿಧಾನವಾಗಿ ಹಾಡುತ್ತಿದ್ದುದು, ಅದು ಮುಗಿಯುವಾಗ ಅಪ್ಪ ಮುಂದಿನದನ್ನು ಕೊಡುತ್ತಿದ್ದುದು, ಇಷ್ಟನ್ನೂ ಹೇಳಿದೆ. ವಾದ್ಯ ಯಾವುದು ಎಂದರು. ವಾದ್ಯವಿಲ್ಲ ಎಂದೆ. ಪುಸ್ತಕ ಎಂದರು. ಪದಗಳಷ್ಟೇ, ರಾಗವಿಲ್ಲ ಎಂದೆ. “ಮತ್ತೆ ಅಷ್ಟು ಜನಕ್ಕೂ ಹೆಂಗಮ್ಮಾ ಗೊತ್ತಾಗುತ್ತೆ?” ಎಂದು ಕೇಳಿದರು.

ಒಂದು ಉಪಕಾರ ಮಾಡು. ಭಾನುವಾರ ಸಭೆಗೆ ಹೋದಾಗ, ಒಂದು ಸಾಲು ತೆಗೆದುಕೊಳ್ಳಲು ಜನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಗಡಿಯಾರ ನೋಡಿ ಬರೆ.

ನಿನ್ನ
ಡೆಲ್ಫಿಯಾ

•

ರೆಡ್‌ಬಡ್, ಕೆಂಟಕಿ
ಫೆಬ್ರವರಿ 21, 1986

ಡೆಲ್ಫೀ,

ಕಾಗದ ತಲುಪಿತು. ಇಲ್ಲಿ ಹಿಮ ಕರಗುತ್ತಿದೆ, ದಾರಿಯೆಲ್ಲ ಕೆಸರು. ನಿನ್ನ ಅಪ್ಪ ಓಡಿಸುತ್ತಿದ್ದ ಶಾಲೆಯ ಬಸ್ಸನ್ನು ಈಗ ಫೆಲ್ಟ್ನರ್ ಮನೆಯವನು ಓಡಿಸುತ್ತಾನೆ. ನಮ್ಮ ಬಾಗಿಲ ಮುಂದೆ ಬಂದಾಗ ಹಾರ್ನ್ ಮಾಡಬೇಡ ಎಂದು ಯಾರೋ ಅವನಿಗೆ ಹೇಳಿದ್ದಾರೆ. ನಾನು ಹೇಳಿದ್ದಲ್ಲ.

ಸಭೆಯಲ್ಲಿ ನಾವು ಗಡಿಯಾರ ನೋಡುವುದಿಲ್ಲ. ನಿನಗೆ ಅದು ಮರೆತುಹೋಗಿರಬೇಕು.

ನಿನ್ನ ಅಪ್ಪ ಹೋದಮೇಲೆ ಸಾಲು ಕೊಡುವುದು ವರ್ಜಿಲಣ್ಣ. ಒಳ್ಳೆಯ ಮನುಷ್ಯ, ಆದರೆ ದನಿ ಅರ್ಧದಲ್ಲಿ ಒಡೆಯುತ್ತದೆ. ಹೋದ ತಿಂಗಳು ಅವನು ಮುಂದಿನ ಸಾಲು ಮರೆತು ನಿಂತುಬಿಟ್ಟಾಗ, ಓಮಾ ಫ್ಯೂಗೇಟ್‌ಗೆ ಅದು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹೆಂಗಸು ಸಾಲು ಕೊಡುವ ರೂಢಿ ನಮ್ಮಲ್ಲಿಲ್ಲ. ಆಕೆ ತುಟಿ ಕಚ್ಚಿಕೊಂಡು ಕೂತಳು. ಕೊನೆಗೆ ಅವನಿಗೇ ನೆನಪಾಯಿತು. ನಿನ್ನ ಅಪ್ಪ ಹೋದ ಸೆಪ್ಟೆಂಬರಿನಿಂದ ನಾನು ಬಾಯಿ ತೆರೆದಿಲ್ಲ. ಕೂತಿದ್ದು ಬರುತ್ತೇನೆ.

ಅಪ್ಪನ ಬಗ್ಗೆ ಹಾಡು ಬರೆ, ಬೇಡವೆನ್ನುವುದಿಲ್ಲ. ಆದರೆ ಅವರು ಕೊಟ್ಟ ಸಾಲಿನ ಕೆಳಗೆ ಗಿಟಾರು ಬಾರಿಸಬೇಡ. ನಿನ್ನ ಸಂಗೀತದ ಬಗ್ಗೆ ಅವರು ಯಾರ ಮುಂದೆಯೂ ಒಂದು ಮಾತು ಆಡಿದವರಲ್ಲ. ಅದನ್ನು ಹಾಗೆಯೇ ಇರಲು ಬಿಡು.

ಅಮ್ಮ

•

ನ್ಯಾಶ್‌ವಿಲ್
ಮಾರ್ಚ್ 16, 1986

ಅಮ್ಮಾ,

ಹಿಂದಿನ ಕಾಗದದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳದೆ ವಿಧಿಯಿಲ್ಲ.

1984ರ ಕ್ರಿಸ್‌ಮಸ್‌ಗೆ ಬಂದಿದ್ದಾಗ, ಶಾಲೆಯ ಕೊನೆಯ ದಿನ, ಅಪ್ಪನ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಕೊನೆಯ ಮಗು ಇಳಿದ ಮೇಲೆ ಅಪ್ಪ ತನ್ನಷ್ಟಕ್ಕೆ ಹಾಡಲು ಶುರುಮಾಡಿದ. ನನ್ನ ಕೋಟಿನ ಜೇಬಿನಲ್ಲಿ ಸಣ್ಣ ಟೇಪ್ ರೆಕಾರ್ಡರ್ ಇತ್ತು. ಒತ್ತಿಬಿಟ್ಟೆ. ಒಂದೇ ಒಂದು ಸಾಲು ಸಿಕ್ಕಿದೆ: “ಆಚೆ ದಡದಲ್ಲಿ ದೀಪ ಹಿಡಿದು ನಿಂತವರಾರು.” ಅಷ್ಟರಲ್ಲಿ ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ ಬಂತು, ಅಪ್ಪ ನಿಲ್ಲಿಸಿದ.

ಹೋದ ಮಂಗಳವಾರ ಅದನ್ನು ಸ್ಟುಡಿಯೋದಲ್ಲಿ ಕೇಳಿಸಿದೆ. ಹೇಗೆ ಬರೆಯಲಿ? ಬಸ್ಸಿನ ಗಡಗಡ, ಆಮೇಲೆ ಅಪ್ಪ. ಲಾಯ್ಡ್ ಪಿಟೀಲನ್ನು ಮಡಿಲಲ್ಲಿ ಇಟ್ಟುಕೊಂಡರು. ನಲವತ್ತು ವರ್ಷ ಈ ಊರಿನಲ್ಲಿ ಎಂಥೆಂಥವರ ಹಿಂದೆಯೋ ಬಾರಿಸಿದ ಮನುಷ್ಯ, ತಲೆಯ ಮೇಲಿನ ಟೋಪಿ ತೆಗೆದರು. ಪ್ರೂಯಿಟ್ ಕೇಳಿದರು, “ಇದಾದ್ಮೇಲೆ ಏನು ಬರುತ್ತೆ?” ಜನ ಹಾಡುತ್ತಾರೆ ಎಂದೆ. “ಜನ ಎಲ್ಲಿ?”

ಜನ ಇಲ್ಲ. ಅದಕ್ಕೆ ಹಾಡಿನಲ್ಲಿ ಅವರ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅಪ್ಪನ ಸಾಲು, ಆಮೇಲೆ ಏನೂ ಇಲ್ಲ, ಆಮೇಲೆ ನನ್ನ ಗಿಟಾರು. ನೀನು ಬರೆಯಲಿಲ್ಲವಾದ್ದರಿಂದ ನಾನೇ ಮನಸ್ಸಿನಲ್ಲಿ ಹಾಡಿಕೊಂಡು ಎಣಿಸಿದೆ. ಹನ್ನೊಂದು ಸೆಕೆಂಡು. ಅಷ್ಟು ಹೊತ್ತು ಏಳು ಜನವೂ ಕೈ ಮಡಿಲಲ್ಲಿಟ್ಟು ಕೂತಿದ್ದರು.

ತೀರಿಕೊಂಡವರ ದನಿ ಬಳಸಲು ಮನೆಯವರ ಸಹಿ ಬೇಕಂತೆ. ಪತ್ರ ಜೊತೆಗಿದೆ, ಕ್ಯಾಸೆಟ್ಟೂ ಇದೆ. ನೀನು ಸಹಿ ಹಾಕದಿದ್ದರೆ ಆ ಸಾಲನ್ನು ಅಳಿಸಿಬಿಡುತ್ತೇನೆ. ಮತ್ತೆ ಕೇಳುವುದಿಲ್ಲ.

ಡೆಲ್ಫಿಯಾ

•

ರೆಡ್‌ಬಡ್
ಮಾರ್ಚ್ 25, 1986

ಡೆಲ್ಫೀ,

ಪಕ್ಕದಲ್ಲಿ ಕೂತು ಅಪ್ಪನ ಜೇಬು ಕತ್ತರಿಸಿದ ಹಾಗಾಯಿತು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಡುತ್ತಿರಲಿಲ್ಲ. ಕಾಲೇಜಿನವರು ಹಾಡು ಹಿಡಿಯುವ ಯಂತ್ರ ಹೊತ್ತುಕೊಂಡು ಸಭೆಯ ಬಾಗಿಲಿಗೆ ಬಂದಾಗ, ಊಟ ಹಾಕಿ ಕಳಿಸೋಣ, ಯಂತ್ರ ಮಾತ್ರ ಕಾರಿನಲ್ಲೇ ಇರಲಿ ಎಂದವರು ಅವರೇ.

ಕ್ಯಾಸೆಟ್ಟನ್ನು ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಸಹಿ ಹಾಕಿಲ್ಲ.

ಈರುಳ್ಳಿ ನಾಟಿ ಮಾಡಿದೆ. ಮೈ ಚೆನ್ನಾಗಿದೆ.

ಅಮ್ಮ

•

ಟೆಕ್ಸಾಸ್‌ನ ದಾರಿಯಲ್ಲಿ
ಏಪ್ರಿಲ್ 27, 1986

ಅಮ್ಮಾ,

ನಿನ್ನ ಮಾತು ಸರಿ. ಆ ಸಾಲನ್ನು ತೆಗೆಯುವಂತೆ ಹೇಳಿಬಿಟ್ಟಿದ್ದೇನೆ. ಆ ಜಾಗಕ್ಕೆ ಪಿಟೀಲು ತುಂಬುತ್ತಾರೆ.

ಆಲ್ಬಮ್ಮಿನಿಂದ ರೇಡಿಯೋಗೆ ಬಿಟ್ಟ ಮೊದಲನೆಯ ಹಾಡು “ಬೀಗ ಹಾಕದ ಬಾಗಿಲು.” ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂವತ್ತೆಂಟನೇ ಸ್ಥಾನದವರೆಗೆ ಹತ್ತಿ ಜಾರಿತು. ಎರಡನೆಯದು ಹತ್ತದಿದ್ದರೆ ಮೂರನೇ ಆಲ್ಬಮ್ ಇರುವುದಿಲ್ಲ ಎಂದು ಕಂಪನಿಯವರು ಬಹಳ ಮೃದುವಾಗಿ ಹೇಳಿದ್ದಾರೆ. ಅದಕ್ಕೇ ಊರೂರು ತಿರುಗುತ್ತಿದ್ದೇನೆ. ಒಂದೊಂದು ಸ್ಟೇಷನ್ನಿಗೂ ಬೆಳಗ್ಗೆ ಡೋನಟ್ಟಿನ ಪೆಟ್ಟಿಗೆ ಹಿಡಿದು ಹೋಗುವುದು, ನಗುವುದು, ಎರಡು ಸಾಲು ಹಾಡುವುದು. ನಿನ್ನೆ ಒಬ್ಬ ಡೋನಟ್ ತಿನ್ನುತ್ತಲೇ ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದ. ಆ ಹೆಸರಿಗೇ ನಕ್ಕು ಬಂದೆ.

ಹೋಗಲಿ ಬಿಡು. ಅಪ್ಪ ನನ್ನ ಒಂದು ಹಾಡನ್ನೂ ಕೇಳದೆ ಹೋದ. ಅವನ ದನಿಯನ್ನು ನನ್ನ ಹಾಡಿನೊಳಗೆ ಎಳೆದು ತರಲು ನನಗೆ ಯಾವ ಹಕ್ಕಿತ್ತು?

ಡೆಲ್ಫಿಯಾ

•

ರೆಡ್‌ಬಡ್
ಮೇ 4, 1986

ಡೆಲ್ಫೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾನು ಒಂದು ಮಾತು ಕೊಟ್ಟಿದ್ದೆ. ಅದನ್ನು ಈಗ ಮುರಿಯುತ್ತಿದ್ದೇನೆ. ತಪ್ಪಾದರೆ ನನ್ನದು.

ನಾನು ದಿನಾ ಎರಡು ಸಾಲು ಬರೆದಿಡುವ ಪುಸ್ತಕ ನಿನಗೆ ಗೊತ್ತಲ್ಲ, ಅದನ್ನು ನೋಡಿಕೊಂಡು ಬರೆಯುತ್ತಿದ್ದೇನೆ. 1983ರ ಅಕ್ಟೋಬರಿನಲ್ಲಿ ಸತತ ಮೂರು ವಾರ ನಿನ್ನ ಅಪ್ಪ ಮನೆಗೆ ತಡವಾಗಿ ಬಂದರು. ಕೇಳಿದರೆ ಬಸ್ಸು ಬಿಸಿಯಾಗಿತ್ತು ಎನ್ನುತ್ತಿದ್ದರು. ಅಕ್ಟೋಬರಿನ ಚಳಿಯಲ್ಲಿ ದಿನಾ ಬಿಸಿಯಾಗುವ ಬಸ್ಸು ಯಾವುದು ಎಂದು ನಾನು ಕೆಣಕಿದೆ. ಮಾರನೆಯ ದಿನ ಮಧ್ಯಾಹ್ನ ಬಸ್ಸನ್ನು ನಮ್ಮ ಬಾಗಿಲಿಗೇ ತಂದು, “ಹತ್ತು, ತೋರಿಸ್ತೀನಿ” ಎಂದರು.

ಮಕ್ಕಳೆಲ್ಲ ಇಳಿದ ಮೇಲೆ ಸೀಡರ್ ಬೆಟ್ಟದ ತುದಿಗೆ, ಬಸ್ಸು ತಿರುಗಿಸುವ ಜಾಗಕ್ಕೆ ಹೋದೆವು. ಊಟದ ಡಬ್ಬಿಯಿಂದ ಬ್ರೆಡ್ಡಿನ ಕೆಳಗಿದ್ದ ಪುಟ್ಟ ರೇಡಿಯೋ ತೆಗೆದರು. ಆ ಎತ್ತರದಲ್ಲಿ ಮಾತ್ರ ದೂರದ ಸ್ಟೇಷನ್ ಸಿಗುತ್ತದಂತೆ. ಕಾಲು ಗಂಟೆ ಕಾದೆವು. ನಿನ್ನ ಹಾಡು ಬಂತು. ನಿನ್ನ ಅಪ್ಪ ಸಭೆಯಲ್ಲಿ ಕೂರುವ ಹಾಗೆ ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದರು. ಅಷ್ಟು ದೂರದಿಂದ ಬೆಟ್ಟಗಳನ್ನು ದಾಟಿ ಒಂದು ಡಬ್ಬಿಯೊಳಗೆ ನಮ್ಮ ಮಗುವಿನ ದನಿ ಬಂದು ಇಳಿಯಿತಲ್ಲ, ನಾನು ಮುಂದಕ್ಕೆ ಬಾಗಿ ಅದಕ್ಕೆ ಕಿವಿಯಿಟ್ಟೆ. ಹಾಡು ಮುಗಿದ ಮೇಲೆ ಅವರು ರೇಡಿಯೋ ಆರಿಸಿ, “ಉಸಿರು ಎಲ್ಲಿ ತಗೋಬೇಕು ಅನ್ನೋದನ್ನ ಅವಳು ಮರ್ತಿಲ್ಲ ಕಣೇ” ಎಂದರು. ಆಮೇಲೆ, “ಸಾಲು ಕೊಡೋನು ಗಿಟಾರು ಕೇಳ್ತಾ ಕೂತಿದ್ದ ಅಂತ ಆಗೋದು ಬೇಡ. ನಿನ್ನಲ್ಲೇ ಇರಲಿ” ಎಂದರು.

ನನ್ನಲ್ಲೇ ಇಟ್ಟುಕೊಂಡೆ. ಈಗ ನಿನಗೆ ಕೊಟ್ಟಿದ್ದೇನೆ.

ಸಹಿ ಹಾಕಿದ ಪತ್ರ ಜೊತೆಗಿದೆ. ಅವರ ದನಿಯ ಕೆಳಗೆ ಏನೂ ಇರಬಾರದು, ಅದರ ನಂತರವೂ ಏನೂ ಇರಬಾರದು. ಜನರ ಜಾಗ ಜನರಿಗೇ ಇರಲಿ. ಕ್ಯಾಸೆಟ್ಟನ್ನು ಈಗಲೂ ಕೇಳಲಾರೆ.

ಅಮ್ಮ

•

ನ್ಯಾಶ್‌ವಿಲ್
ಜೂನ್ 22, 1986

ಅಮ್ಮಾ,

ನಿನ್ನ ಕಾಗದ ಓದಿದ ದಿನ ನಾನು ಯಾವ ಕೆಲಸವನ್ನೂ ಮಾಡಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಎರಡನೆಯ ಹಾಡಾಗಿ ಅಪ್ಪನದನ್ನೇ ರೇಡಿಯೋಗೆ ಕಳಿಸುವುದೆಂದು ನಾನು ಹಟ ಹಿಡಿದೆ. ಕಂಪನಿಯವರಿಗೆ ಹಾಡು ಇಷ್ಟ, ಖಾಲಿ ಜಾಗ ಕಷ್ಟ. ರೇಡಿಯೋದವರು ಮೌನವನ್ನು ಸತ್ತ ಗಾಳಿ ಎನ್ನುತ್ತಾರೆ. ಕೆಲವು ಸ್ಟೇಷನ್ನುಗಳಲ್ಲಿ ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಗಂಟೆಯೇ ಹೊಡೆದುಕೊಳ್ಳುತ್ತದಂತೆ. “ಕಾರಲ್ಲಿ ಹೋಗೋನು ರೇಡಿಯೋ ಕೆಟ್ಟೋಯ್ತು ಅಂತ ಗುದ್ದುತ್ತಾನೆ, ಇಲ್ಲಾಂದ್ರೆ ಸ್ಟೇಷನ್ ಬದಲಾಯಿಸ್ತಾನೆ. ಎರಡರಲ್ಲೂ ನೀನು ಹೋದೆ” ಎಂದರು. ಅಪ್ಪನ ದನಿ ಇರಲಿ, ಅದರ ನಂತರ ಲಾಯ್ಡ್ ಪಿಟೀಲು ಬಾರಿಸಲಿ ಎಂಬುದು ಅವರ ಲೆಕ್ಕ. ನಿನಗೆ ಕೊಟ್ಟ ಮಾತಿದೆ ಎಂದೆ. ಪ್ರೂಯಿಟ್ ನನ್ನ ಪರ ನಿಂತರು. ಕೊನೆಗೆ ಆದದ್ದು ಇಷ್ಟು: ಖಾಲಿ ಜಾಗವಿರುವ ಹಾಡನ್ನು ಮುನ್ನೂರು ಗ್ರಾಮಫೋನ್ ತಟ್ಟೆ ಒತ್ತಿದ್ದಾರೆ, ಜುಲೈ ಕೊನೆಯವರೆಗೆ ಸಮಯ. ಕೇಳುಗರು ಯಾರೂ ಬೇಕೆಂದು ಬರೆಯದಿದ್ದರೆ, ಆಲ್ಬಮ್ಮಿನಲ್ಲೂ ಪಿಟೀಲೇ ಹೋಗುತ್ತದೆ.

ಹನ್ನೆರಡು ಸ್ಟೇಷನ್ನುಗಳು ಈಗಾಗಲೇ ಆಗದು ಎಂದಿವೆ. ನಮ್ಮೂರಿನ ರೇಡಿಯೋ ಸ್ಟೇಷನ್ ನಡೆಸುವ ಹೋಬರ್ಟ್‌ಗೂ ಒಂದು ತಟ್ಟೆ ಕಳಿಸಿದ್ದೇನೆ. ಅವನು ಉತ್ತರ ಕೊಟ್ಟಿಲ್ಲ.

ಅಷ್ಟು ಉದ್ದ ಬಿಟ್ಟಿದ್ದು ನನ್ನ ತಪ್ಪೇನೋ. ಐದು ಸೆಕೆಂಡಿದ್ದರೆ ಒಪ್ಪುತ್ತಿದ್ದರು.

ಡೆಲ್ಫಿಯಾ

•

ರೆಡ್‌ಬಡ್
ಜುಲೈ 17, 1986

ಡೆಲ್ಫೀ,

ನಿನ್ನೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕಂಪನಿಯವರಿಗೆ ಬೇಕಾದರೆ ಇದನ್ನೇ ಓದಿಸು.

ಹುರುಳಿಕಾಯಿಯ ಕಾಲ. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಚಳಿಗಾಲಕ್ಕೆಂದು ಕಾಯಿ ಬೇಯಿಸಿ ಡಬ್ಬಿ ತುಂಬಲು ಹೋಗಿದ್ದೆವು. ಹತ್ತೊಂಬತ್ತು ಹೆಂಗಸರಿದ್ದೆವು. ಎರಡು ದೊಡ್ಡ ಹಂಡೆಗಳಲ್ಲಿ ನೀರು ಕುದಿಯುತ್ತಿತ್ತು, ಉದ್ದ ಮೇಜಿನ ಎರಡೂ ಕಡೆ ಕೂತು ನಾರು ತೆಗೆಯುತ್ತಿದ್ದೆವು. ಕಿಟಕಿಯಲ್ಲಿ ರೇಡಿಯೋ. ಓಮಾ ಎಂದಿನಂತೆ ಎಲ್ಲರನ್ನೂ ಗೋಳುಹೊಯ್ದುಕೊಳ್ಳುತ್ತಿದ್ದಳು. ಹೆಸ್ಟರಕ್ಕನ ಬುಟ್ಟಿ ನೋಡಿ, “ನಾರು ತೆಗೀತಿದ್ದೀಯೋ, ಕಾಯಿಗೆ ಕ್ಷೌರ ಮಾಡ್ತಿದ್ದೀಯೋ?” ಎಂದಳು.

ಒಂಬತ್ತೂಕಾಲಿಗೆ ಹೋಬರ್ಟ್ ಸಾವಿನ ಸುದ್ದಿ ಓದುತ್ತಾನೆ. ಆಗ ಯಾರೂ ಮಾತಾಡುವುದಿಲ್ಲ, ನಿನಗೆ ಗೊತ್ತು. ನಿನ್ನೆ ಇಬ್ಬರ ಹೆಸರಿತ್ತು. ಓದಿ ಮುಗಿಸಿದವನೇ ತಟ್ಟೆ ಹಾಕಿದ. ಬಸ್ಸಿನ ಸದ್ದು ಬಂತು. ಆಮೇಲೆ ನಿನ್ನ ಅಪ್ಪ.

“ಆಚೆ ದಡದಲ್ಲಿ ದೀಪ ಹಿಡಿದು ನಿಂತವರಾರು.”

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಸದ್ದು ನಿಂತಿತು. ಹಂಡೆ ಕುದಿಯುವುದು ಮಾತ್ರ ಕೇಳುತ್ತಿತ್ತು.

ಆಗ ಹೆಂಗಸರು ಅದನ್ನು ತೆಗೆದುಕೊಂಡರು. ಯಾರು ಮೊದಲು ಎಂದು ಹೇಳಲಾರೆ. ಯಾರೂ ಯೋಚಿಸಲಿಲ್ಲ. ಸಾಲು ಕೊಟ್ಟರೆ ತೆಗೆದುಕೊಳ್ಳಬೇಕು, ಅಷ್ಟೇ ಅವರಿಗೆ ಗೊತ್ತಿರುವುದು. ಕೈ ಕಾಯಿಯಲ್ಲೇ ಇತ್ತು, ತಲೆ ಬಗ್ಗಿತ್ತು, ಶೆಡ್ಡಿನ ತಗಡು ಸಣ್ಣಗೆ ಅದುರುತ್ತಿತ್ತು. ನಿನ್ನ ಅಪ್ಪ ಹೋದಮೇಲೆ ಸಭೆಯಲ್ಲಿ ಇಷ್ಟು ತುಂಬಿ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಕಿವಿ ಕೇಳದ ಹೆಸ್ಟರಕ್ಕ ಪಕ್ಕದವಳ ಬಾಯಿ ನೋಡಿ ಹಾಡಿದಳು.

ಈಗ ಮುಖ್ಯವಾದ ವಿಷಯ. ನಿನ್ನ ಖಾಲಿ ಜಾಗ ಸಾಲಲಿಲ್ಲ. ಅವರು ಅರ್ಧಕ್ಕೆ ಬರುವ ಮೊದಲೇ ನಿನ್ನ ಗಿಟಾರು ಬಂದುಬಿಟ್ಟಿತು. ಅವರು ನಿಲ್ಲಿಸಲಿಲ್ಲ. ನಿನ್ನ ಹಾಡಿನ ಮೇಲೆಯೇ ಎಳೆದು, ಮುಗಿಸಿಯೇ ಬಿಟ್ಟರು. ನೀನು ಪಟ್ಟಣದ ಗಡಿಯಾರದಲ್ಲಿ ಎಣಿಸಿದ್ದೀಯೆ, ಡೆಲ್ಫೀ. ನಿನ್ನೆ ಸಂಜೆ ನಾನೇ ಅಡುಗೆಮನೆಯ ಗಡಿಯಾರದ ಮುಂದೆ ನಿಂತು, ಬಾಯಿ ತೆರೆಯದೆ, ಮನಸ್ಸಿನಲ್ಲಿ ಹಾಡಿ ನೋಡಿದೆ. ಇಪ್ಪತ್ತಮೂರು ಸೆಕೆಂಡು ಬೇಕು. ನೀನು ಫೆಬ್ರವರಿಯಲ್ಲಿ ಕೇಳಿದಾಗಲೇ ಬರೆಯಬೇಕಿತ್ತು. ಸಿಟ್ಟಿನಿಂದ ಬರೆಯಲಿಲ್ಲ.

ಹಾಡು ಮುಗಿದ ಮೇಲೆ ಶೆಡ್ಡಿನಲ್ಲಿ ಯಾರೂ ಯಾರನ್ನೂ ನೋಡಲಿಲ್ಲ. ಕೊನೆಗೆ ಓಮಾ, “ರೇಡಿಯೋಗೆ ಸಾಲು ತಗೊಂಡ್ವಲ್ರೇ. ನಾಳೆ ಹವಾಮಾನದ ವರದಿಗೂ ಎದ್ದು ನಿಲ್ತೀವೇನೋ” ಎಂದಳು. ಎಲ್ಲರೂ ನಕ್ಕರು, ಕೆಲವರು ಏಪ್ರನ್ ಎತ್ತಿ ಮುಖ ಒರೆಸಿಕೊಂಡರು.

ಆಮೇಲೆ ತಿಳಿಯಿತು, ನಾವಷ್ಟೇ ಅಲ್ಲ. ಮರದ ಮಿಲ್ಲಿನಲ್ಲಿ ಗರಗಸ ನಿಲ್ಲಿಸಿದ್ದರಂತೆ. ವರ್ಜಿಲಣ್ಣ ದಾರಿಯ ಪಕ್ಕ ಟ್ರಕ್ ನಿಲ್ಲಿಸಿಕೊಂಡು ಒಬ್ಬನೇ ಹಾಡುತ್ತಿದ್ದುದನ್ನು ಅಂಚೆಯವಳು ನೋಡಿದಳು. ಹೋಬರ್ಟ್ ಮಧ್ಯಾಹ್ನ ಮನೆಗೆ ಬಂದಿದ್ದ. ತಟ್ಟೆ ತಲುಪಿ ಮೂರು ವಾರ ಧೈರ್ಯ ಬರಲಿಲ್ಲವಂತೆ. “ಆರ್ಲೀನಕ್ಕ, ಅದು ಸತ್ತ ಗಾಳಿ ಅಂತ ನಂಗೆ ಅನ್ನಿಸಲೇ ಇಲ್ಲ. ನಾನೂ ಹಾಡ್ತಾ ಇದ್ದೆ” ಎಂದ.

ಅಮ್ಮ

•

ನ್ಯಾಶ್‌ವಿಲ್
ಆಗಸ್ಟ್ 24, 1986

ಅಮ್ಮಾ,

ನಿನ್ನ ಕಾಗದವನ್ನು ಕಂಪನಿಯ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಹುರುಳಿಕಾಯಿಯನ್ನೂ ಬಿಡಲಿಲ್ಲ.

ಪೂರ್ತಿ ಗೆದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ದೊಡ್ಡ ಊರುಗಳ ರೇಡಿಯೋಗೆ ಪಿಟೀಲು ತುಂಬಿದ್ದೇ ಹೋಗಿದೆ. ಅಲ್ಲಿ ಅಪ್ಪನ ದನಿಯನ್ನು ತೆಗೆಸಿದ್ದೇನೆ, ಹಾಗಾಗಿ ನಿನಗೆ ಕೊಟ್ಟ ಮಾತು ಮುರಿದಿಲ್ಲ. ಅದು ಪಟ್ಟಿಯಲ್ಲಿ ಹತ್ತೊಂಬತ್ತಕ್ಕೆ ಬಂದಿದೆ, ಮೂರನೇ ಆಲ್ಬಮ್ ಇದೆಯಂತೆ. ಬೆಟ್ಟದ ಸ್ಟೇಷನ್ನುಗಳಿಗೆ ಮತ್ತು ಆಲ್ಬಮ್ಮಿಗೆ ಅಪ್ಪ ಇರುವ ಹಾಡು.

ಜಾಗ ಹೆಚ್ಚಿಸಲು ಖಾಲಿ ಟೇಪನ್ನು ಕತ್ತರಿಸಿ ಅಂಟಿಸಿದರೆ ಸಾಕೆಂದುಕೊಂಡಿದ್ದೆ. ಪ್ರೂಯಿಟ್ ಆಗದು ಎಂದರು. ಖಾಲಿ ಟೇಪಿನ ಮೌನ ಬೇರೆ, ಜನ ಕೂತ ಕೋಣೆಯ ಮೌನ ಬೇರೆ, ಕಿವಿಗೆ ಗೊತ್ತಾಗುತ್ತದೆ ಎಂದರು. ಹಾಗಾಗಿ ಏಳು ಜನರನ್ನೂ ಮತ್ತೆ ಕರೆಸಿದರು. ಯಾರೂ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕೆಂಪು ದೀಪ ಹತ್ತಿತು. ಇಪ್ಪತ್ತಮೂರು ಸೆಕೆಂಡು ನಾವು ಎಂಟು ಜನ ಏನನ್ನೂ ಬಾರಿಸದೆ ಕೂತೆವು. ಅಷ್ಟು ದೊಡ್ಡದನ್ನು ನಾನು ಯಾವತ್ತೂ ರೆಕಾರ್ಡ್ ಮಾಡಿಲ್ಲ. ದೀಪ ಆರಿದ ಮೇಲೂ ಲಾಯ್ಡ್ ಏಳಲಿಲ್ಲ. “ನಿಮ್ಮೋರು ಬಂದು ಹೋದ್ರು” ಎಂದರು.

ಒಂದು ಕೇಳುತ್ತೇನೆ. ನಿನ್ನ ಕಾಗದದಲ್ಲಿ ಓಮಕ್ಕ ಹಾಡಿದ್ದು ಇದೆ, ಹೆಸ್ಟರಕ್ಕ ಹಾಡಿದ್ದು ಇದೆ, ಹೋಬರ್ಟ್ ಹಾಡಿದ್ದೂ ಇದೆ. ನೀನು?

ಡೆಲ್ಫಿಯಾ

•

ರೆಡ್‌ಬಡ್
ಸೆಪ್ಟೆಂಬರ್ 7, 1986

ಡೆಲ್ಫೀ,

ನೀನು ಕೇಳದೆ ಬಿಡುವುದಿಲ್ಲವೆಂದು ಗೊತ್ತಿತ್ತು. ಪುಸ್ತಕದಲ್ಲಿ ಆ ದಿನದ ಕೆಳಗೂ ನಾನು ಇದನ್ನು ಬರೆದುಕೊಂಡಿಲ್ಲ.

ಎಲ್ಲರೂ ಹಾಡುವಾಗ ನಾನು ಹಾಡಲಿಲ್ಲ. ನಾನು ಮುಂದಿನದಕ್ಕೆ ಕಾಯುತ್ತಿದ್ದೆ. ನಲವತ್ತೊಂದು ವರ್ಷದಲ್ಲಿ ನಿನ್ನ ಅಪ್ಪ ಒಂದು ಸಾಲು ಕೊಟ್ಟು ಅಲ್ಲಿಗೇ ಬಿಟ್ಟವರಲ್ಲ. ಜನ ಕೊನೆಯ ಅಕ್ಷರ ಎಳೆಯುತ್ತಿರುವಾಗ ಅವರು ಉಸಿರು ತುಂಬಿಕೊಳ್ಳುವುದು ನನಗೆ ಹಿಂದಿನ ಬೆಂಚಿನಿಂದಲೂ ಕೇಳುತ್ತಿತ್ತು. ಶೆಡ್ಡಿನಲ್ಲೂ ಆ ಉಸಿರಿಗೆ ಕಿವಿಕೊಟ್ಟು ಕೂತಿದ್ದೆ. ಹೆಂಗಸರು ಮುಗಿಸಿದರು. ಅವರೂ ಕಾಯುತ್ತಿದ್ದರು, ಬಾಯಿ ಅರೆ ತೆರೆದಿತ್ತು. ಅದು ಬರುವುದಿಲ್ಲವೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಗೋರಿಯ ಹತ್ತಿರ ನಿಂತಾಗಲೂ ಅಷ್ಟು ತಿಳಿದಿರಲಿಲ್ಲ.

ನಿನ್ನ ಗಿಟಾರು ಆಗ ಒಂದು ಗಳಿಗೆ ಸುಮ್ಮನಾಗಿತ್ತು. ಉಸಿರು ತೆಗೆದುಕೊಂಡ ಸದ್ದು ಕೇಳಿಸಿತು. ನಿನ್ನದು.

“ಬಸ್ಸು ತಿರುಗುವ ಬೆಟ್ಟದ ತುದಿಯಲ್ಲಿ ಮಂಜಿನ್ನೂ ಕರಗಿಲ್ಲ” ಎಂದು ನೀನು ಹಾಡಿದೆ. ಅದು ಪ್ರಾರ್ಥನೆಯ ಪದವಲ್ಲ, ನೀನು ಕೂತು ಬರೆದದ್ದು. ಓಮಾ ಅದನ್ನು ತೆಗೆದುಕೊಂಡಳು. ಅವಳ ಹಿಂದೆ ಎಲ್ಲರೂ. ಆ ಹತ್ತೊಂಬತ್ತು ಹೆಂಗಸರಲ್ಲಿ ಯಾರೂ ಹುಟ್ಟಿದಾಗಿನಿಂದ ಒಬ್ಬ ಹೆಣ್ಣಿನಿಂದ ಸಾಲು ಪಡೆದವರಲ್ಲ. ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ, ಇವತ್ತಿನವರೆಗೂ.

ನಿನ್ನ ಅಪ್ಪನ ಸಾಲನ್ನು ನಾನು ತೆಗೆದುಕೊಳ್ಳಲಿಲ್ಲ, ಡೆಲ್ಫೀ. ನಿನ್ನದನ್ನು ತೆಗೆದುಕೊಂಡೆ.

ಅಮ್ಮ